ನಾಲ್ಕನೇ ಹಾಸಿಗೆಯ ಗಾಳಿ

ಸಾರಥಿ ಎಂಬ ಯಂತ್ರ ಬಂದು ಕೂತ ಮೇಲೆ ಹೊಸಚಿಗುರು ಮಕ್ಕಳ ಆಸ್ಪತ್ರೆಯ ತೀವ್ರ ನಿಗಾ ವಾರ್ಡಿನಲ್ಲಿ ಆಕ್ಸಿಜನ್ನಿನ ಗುಂಡಿಗೆ ಕೈ ಹಚ್ಚುವ ಕೆಲಸವೇ ನಿಂತುಹೋಗಿತ್ತು. ಮಗುವಿನ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಹೇಳುತ್ತಿತ್ತು. ಸಾರಥಿ ಅದನ್ನು ನೋಡಿ, ಉಸಿರಾಟದ ಯಂತ್ರಕ್ಕೆ ಎಷ್ಟು ಬಿಡಬೇಕೆಂದು ತಾನೇ ತೀರ್ಮಾನಿಸುತ್ತಿತ್ತು. ನೋಡಲಿಕ್ಕೆ ಊಟದ ಡಬ್ಬಿಯಷ್ಟಿದ್ದ ಈ ಪೆಟ್ಟಿಗೆಯ ಫೋಟೋ ಹುಬ್ಬಳ್ಳಿಯ ಪೇಪರುಗಳಲ್ಲೆಲ್ಲ ಬಂದಿತ್ತು. ಪಕ್ಕದಲ್ಲಿ ನಿಂತು ನಗುತ್ತಿದ್ದವಳು ಹಿರಿಯ ನರ್ಸು ದಾಕ್ಷಾಯಣಿ ಹೂಗಾರ.

ಅವಳ ಫೋಟೋ ಯಾಕೆ ಅಂದರೆ, ಸಾರಥಿ ಕೈ ನೋಡಿ ಕಲಿತ ಯಂತ್ರ. ಮೊದಲ ಆರು ತಿಂಗಳು ಅದು ಏನೂ ಮಾಡದೆ ವಾರ್ಡಿನಲ್ಲಿ ಸುಮ್ಮನೆ ಕೂತು, ಅನುಭವಸ್ಥ ನರ್ಸೊಬ್ಬಳು ಯಾವಾಗ ಗುಂಡಿ ಏರಿಸುತ್ತಾಳೆ, ಯಾವಾಗ ಇಳಿಸುತ್ತಾಳೆ ಎಂದು ಗಮನಿಸಿತ್ತು. ಆ ಕೈ ದಾಕ್ಷಾಯಣಿಯದು. ಇಪ್ಪತ್ತೆರಡು ವರ್ಷ ಮಕ್ಕಳ ಉಸಿರು ಕಾಯ್ದ ಕೈ. ಕಫ ಎಳೆಯುವ ಮುಂಚೆ ಎರಡು ನಿಮಿಷ ಏರಿಸಬೇಕು, ಮಗುವನ್ನು ಮಗ್ಗುಲು ತಿರುಗಿಸುವಾಗ ಚೂರು ಏರಿಸಬೇಕು, ಇಂಥವನ್ನೆಲ್ಲ ಡಾಕ್ಟರು ಕಾಗದದ ಮೇಲೆ ಬರೆಯುವುದಿಲ್ಲ. ಕೈಗೇ ಗೊತ್ತಿರುತ್ತದೆ. ಸಾರಥಿ ಅದನ್ನೆಲ್ಲ ಕಲಿತು ಅವಳಂತೆಯೇ ಮಾಡತೊಡಗಿದಾಗ ದಾಕ್ಷಾಯಣಿಗೆ ಆದ ಹೆಮ್ಮೆ ಇಷ್ಟಿಷ್ಟಲ್ಲ. "ನನ್ನ ಮಗಳ ಹಂಗ ಆಗೇತ್ರಿ ಇದು" ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದಳು.

ಅಂಥ ವಾರ್ಡಿನಲ್ಲಿ ಈಗ ನಾಲ್ಕನೇ ಹಾಸಿಗೆಯ ಕೂಸು ಯಾಕೋ ಹಿಡಿತಕ್ಕೆ ಬರುತ್ತಿರಲಿಲ್ಲ.

ಕೂಸಿನ ಹೆಸರು ಸಮರ್ಥ. ನವಲಗುಂದದ ಕಡೆಯವನು, ಮೂರು ವರ್ಷ. ನ್ಯುಮೋನಿಯಾ ಜೋರಾಗಿ, ಉಸಿರಾಟದ ಯಂತ್ರಕ್ಕೆ ಹಾಕಿ ಒಂಬತ್ತು ದಿನ ಆಗಿತ್ತು. ಬೆಳಗಿನ ಒಂಬತ್ತರ ರೌಂಡ್ಸಿನ ಹೊತ್ತಿಗೆ ಪರವಾಗಿಲ್ಲ ಅನ್ನುವ ಹಾಗೆ ಇರುತ್ತಿದ್ದ. ಮರುದಿನದ ಎಕ್ಸ್‌ರೇಯಲ್ಲಿ ನೋಡಿದರೆ ಪುಪ್ಪುಸದ ಬಿಳಿ ಮಚ್ಚೆ ಮತ್ತಷ್ಟು ಹಬ್ಬಿರುತ್ತಿತ್ತು. ಔಷಧ ಬದಲಾಯಿಸಿದರು, ಆದರೂ ಅದೇ ಹಾಡು.

"ಸೋಂಕು ಇಳದೈತಿ, ರಕ್ತದಾಗ ಸ್ವಚ್ಛ ಕಾಣಸ್ತೈತಿ. ಆದ್ರ ಪುಪ್ಪುಸ ಮಾತ್ರ ಕೆಡಾಕ ಹತ್ತೈತಿ. ಏನೋ ಒಂದು ನಮ್ಮ ಕಣ್ಣಿಗೆ ಬೀಳವಲ್ದು, ಸಿಸ್ಟರ್" ಎಂದರು ಡಾಕ್ಟರ್ ಶಮಾ ನದಾಫ್.

ದಾಕ್ಷಾಯಣಿಯ ಕಣ್ಣಿಗೆ ಒಂದು ಬಿದ್ದಿತ್ತು. ಹುಡುಗನ ತಾಯಿ ಅನ್ನಪೂರ್ಣಾ.

ಈ ವಾರ್ಡಿನಲ್ಲಿ ಭೇಟಿಗೆ ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ಬಿಡುತ್ತಿದ್ದರು. ಆದರೆ ಸಮರ್ಥ ತಾಯಿ ಕಾಣದಿದ್ದರೆ ಕೈಕಾಲು ಬಡಿದು ಬಾಯೊಳಗಿನ ನಳಿಗೆ ಕಿತ್ತುಕೊಳ್ಳಲು ನೋಡುತ್ತಿದ್ದ. ಹೀಗಾಗಿ ಅನ್ನಪೂರ್ಣಾಗೆ ವಿಶೇಷ ಪರವಾನಗಿ ಸಿಕ್ಕಿತ್ತು. ರೌಂಡ್ಸ್ ಮುಗಿದ ಮೇಲೆ ಹನ್ನೊಂದಕ್ಕೆ ಬಂದರೆ ಸಂಜೆ ಆರರವರೆಗೆ ಮಗನ ಪಕ್ಕ ಕೂತಿರುತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಬಡಕಲು ಮೈ, ಕೇಳಿದ್ದಕ್ಕಷ್ಟೇ ಉತ್ತರ. ದಾಕ್ಷಾಯಣಿಗೆ ಅವಳ ಆ ಮೌನವೇ ಸೇರುತ್ತಿರಲಿಲ್ಲ. ಮೂರು ದಿನದಿಂದ ದಾಕ್ಷಾಯಣಿ ಲೆಕ್ಕ ಇಡುತ್ತಿದ್ದಳು. ತಾಯಿ ಬಂದು ಹೋದ ದಿನ ಕೂಸು ಕೆಡುತ್ತದೆ. ನಡುವೆ ಒಂದು ದಿನ ಅನ್ನಪೂರ್ಣಾ ಜ್ವರದಿಂದ ಬಂದಿರಲಿಲ್ಲ, ಆ ದಿನ ಕೂಸು ಚೆನ್ನಾಗಿತ್ತು. ಇದೇನು ಸುಮ್ಮನೆ ಆಗುವ ಮಾತೇ?

ಅವತ್ತು ಮಧ್ಯಾಹ್ನ ಹಾಸಿಗೆ ಸರಿಮಾಡುವಾಗ ಹುಡುಗನ ನಳಿಗೆಯ ಅಂಚಿಗೆ ಬೂದಿಯಂಥದ್ದೇನೋ ಹತ್ತಿರುವುದು ಕಂಡಿತು. ದಾಕ್ಷಾಯಣಿ ಅದನ್ನು ಬೆರಳಿನಿಂದ ಒರೆಸಿ ಅನ್ನಪೂರ್ಣಾಗೆ ತೋರಿಸಿದಳು.

"ಏನವ್ವಾ ಇದು?"

"ಮಠದ ವಿಭೂತಿ ರೀ ಅಕ್ಕಾರ. ಹಣಿಗಷ್ಟ ಹಚ್ಚೀನಿ."

"ಹಣಿಗೆ ಹಚ್ಚಿದ್ದು ಬಾಯಿಗೆ ಹೆಂಗ ಬಂತು? ನೀರಾಗ ಕಲಿಸಿ ಕುಡಿಸೀಯೇನು? ಖರೇ ಹೇಳು."

"ಇಲ್ರೀ, ಅಯ್ಯೋ, ನನ್ನಾಣಿಗೂ ಇಲ್ರೀ."

ಅನ್ನಪೂರ್ಣಾ ಬೆವರಿದ್ದಳು. ಬೆವರಿದವರೆಲ್ಲ ಕಳ್ಳರಲ್ಲ ನಿಜ. ಆದರೆ ಅನುಮಾನ ಹೊಕ್ಕ ಕಣ್ಣಿಗೆ ಬೆವರೂ ಸಾಕ್ಷಿಯಾಗಿ ಕಾಣುತ್ತದೆ.

ಮನೆಗೆ ಹೋಗಿ ದಾಕ್ಷಾಯಣಿ ಗಂಡನ ಮುಂದೆ ಎಲ್ಲ ಹೇಳಿದಳು. ಗಂಡ ಶಿವಪುತ್ರಪ್ಪನದು ಗೋಕುಲ ರೋಡಿನಲ್ಲಿ ಗ್ಯಾಸ್ ವೆಲ್ಡಿಂಗ್ ಅಂಗಡಿ, ಹಿಂದೆಯೇ ಮನೆ. ಅವನು ಲಾರಿಯ ತುಕ್ಕು ಹಿಡಿದ ಚಾಸಿಯೊಂದನ್ನು ಕತ್ತರಿಸುತ್ತ ಕೂತಿದ್ದವನು ಕನ್ನಡಕ ಹಣೆಗೇರಿಸಿದ.

"ನೀ ಕಣ್ಣಾರೆ ನೋಡಿಯೇನು, ಆಕಿ ಕುಡಿಸೋದು?"

"ನೋಡಿಲ್ಲ. ಆದ್ರ ಆಕಿ ಬಂದಾಗೆಲ್ಲ ಕೂಸು ಕೆಡ್ತೈತ್ರಿ."

"ಆಕಿ ಬಂದಾಗ ಬ್ಯಾರೆ ಏನೇನು ಆಗ್ತೈತಿ, ನೋಡಿಯೇನು?"

"ಏನಾಗ್ತೈತಿ? ಕೂಸು ಗಪ್ಪಾಗಿ ಮಲಗ್ತೈತಿ. ಆಕ್ಸಿಜನ್ನೂ ನೂರಕ್ಕ ನೂರು ಇರ್ತೈತಿ. ತಾಯಿ ಮಗ್ಗಲದಾಗ ಕುಂತ್ರ ಕೂಸಿಗೆ ಸಮಾಧಾನ ಆಗಿ ಉಸಿರೂ ಚಲೋ ಆಡ್ತೈತಿ ಅಂತ ಸಿಸ್ಟರ್‌ಗೋಳೆಲ್ಲ ಅಂತಾರ. ನಾಟಕ ನೋಡ್ರಿ ಹೆಂಗೈತಿ!"

ಶಿವಪುತ್ರಪ್ಪ ನಕ್ಕ. "ನೂರು ಅಂದ್ರ ನಿಮಗೆಲ್ಲ ಭಾಳ ಪ್ರೀತಿ. ಇಲ್ಲೆ ನೋಡಿಲ್ಲೆ" ಎಂದು ಕಬ್ಬಿಣದ ಪಟ್ಟಿಯೊಂದನ್ನು ಕೆಂಪಗೆ ಕಾಯಿಸಿ, ಗ್ಯಾಸ್ ನಿಲ್ಲಿಸಿ, ಬರೀ ಆಕ್ಸಿಜನ್ನಿನ ಸನ್ನೆ ಒತ್ತಿದ. ಪಟ್ಟಿ ಕಿಡಿ ಕಾರುತ್ತ ತಾನೇ ಉರಿದು ಎರಡು ತುಂಡಾಯಿತು. "ಕತ್ತರಿಸಿದ್ದು ಬೆಂಕಿ ಅಲ್ಲ. ಬೆಂಕಿ ಕಾಯಿಸ್ತೈತಿ ಅಷ್ಟ. ಕಬ್ಬಿಣ ತಿನ್ನೋದು ಆಕ್ಸಿಜನ್."

"ಹೌದು ಬಿಡ್ರಿ, ನಿಮ್ಮ ಲಾರಿ ಬ್ಯಾರೆ, ನನ್ನ ಕೂಸು ಬ್ಯಾರೆ" ಎಂದು ದಾಕ್ಷಾಯಣಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಡಾಕ್ಟರೂ ಇಂಥದ್ದನ್ನೇ ಹೇಳುತ್ತಿದ್ದರು. ಹೆಚ್ಚಾದ ಆಕ್ಸಿಜನ್ ಮೈಯೊಳಗೆ ಸಿಟ್ಟಿನ ಕಣಗಳನ್ನು ಹುಟ್ಟಿಸುತ್ತದೆ, ಅವು ಪುಪ್ಪುಸದ ಎಳೆ ಪೊರೆಯನ್ನು ಸುಡುತ್ತವೆ, ಕಾಯಿಲೆಯ ಮಗುವಿಗೆ ಎಂಬತ್ತೆಂಟರಿಂದ ತೊಂಬತ್ತೆರಡು ಇದ್ದರೆ ಸಾಕು, ನೂರು ಬೇಡ ಎಂದು. ದಾಕ್ಷಾಯಣಿ ಹೂಂಗುಟ್ಟುತ್ತಿದ್ದಳು. ಒಳಗೊಳಗೆ ಮಾತ್ರ, ಗಾಳಿಯಿಂದ ಯಾರಾದರೂ ಸತ್ತಿದ್ದಾರೆಯೇ ಅನ್ನಿಸುತ್ತಿತ್ತು.

ಮರುದಿನ ಅವಳು ವಿಭೂತಿಯ ವಿಷಯ ಡಾಕ್ಟರಿಗೆ ಹೇಳಿದಳು. ತನಿಖೆ ಆಗುವವರೆಗೆ ತಾಯಿಯನ್ನು ಒಳಗೆ ಬಿಡುವುದು ಬೇಡ ಎಂದಾಯಿತು. ಭೇಟಿಗೆ ಬರುವವರ ಕೈಗೆ ಕಟ್ಟುವ ಹಳದಿ ಪಟ್ಟಿಯನ್ನು ದಾಕ್ಷಾಯಣಿಯೇ ಬಿಚ್ಚಿಸಿಕೊಂಡಳು. ಆ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಚಿಪ್ಪೊಂದಿತ್ತು. ಅದರಿಂದಲೇ ಬಾಗಿಲು ತೆರೆಯುತ್ತಿತ್ತು, ಸೋಂಕು ಹರಡಿದರೆ ಯಾರು ಯಾವ ಹಾಸಿಗೆಯ ಹತ್ತಿರ ಎಷ್ಟು ಹೊತ್ತು ಇದ್ದರು ಅನ್ನುವುದೂ ಗೊತ್ತಾಗುತ್ತಿತ್ತು.

"ಅಕ್ಕಾರ, ಗಾಜಿನ ಹೊರಗರೆ ನಿಂದರ್ತೀನ್ರಿ" ಎಂದು ಅನ್ನಪೂರ್ಣಾ ಕೈಮುಗಿದಳು.

"ಡಾಕ್ಟರ್ ಹೇಳೂ ತನಕ ಇಲ್ಲ ಅಂದ್ರ ಇಲ್ಲವ್ವಾ" ಎಂದು ದಾಕ್ಷಾಯಣಿ ಪಟ್ಟಿಯನ್ನು ಹೊರಗಿನ ಕೌಂಟರಿನ ಡ್ರಾವರಿನಲ್ಲಿ ಹಾಕಿ ಕೀಲಿ ತಿರುಗಿಸಿದಳು. ಸಮರ್ಥನಿಗೆ ಕೈಕಾಲು ಆಡದಂತೆ ಮಂಪರಿನ ಔಷಧ ಹೆಚ್ಚಿಸಿದರು.

ಎರಡೇ ದಿನ. ಹುಡುಗ ಸುಧಾರಿಸತೊಡಗಿದ! ಎಕ್ಸ್‌ರೇಯ ಬಿಳಿ ಮಚ್ಚೆ ಅಂಚಿನಿಂದ ಕರಗತೊಡಗಿತು. ವಾರ್ಡಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ತಲೆಯಲ್ಲಿ ಒಂದೇ ಮಾತು ಇತ್ತು. ಇಂಥ ಸುದ್ದಿ ಗಾಜಿನ ಬಾಗಿಲು ಹಾಕಿದರೆ ನಿಲ್ಲುತ್ತದೆಯೇ? ಹೊರಗಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಅನ್ನಪೂರ್ಣಾಳ ಅತ್ತೆ ಬಸಲಿಂಗವ್ವನ ಕಿವಿಗೆ ಬೀಳಲು ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟು ಮಂದಿಯ ಎದುರಿಗೇ ಅವಳು ಸೊಸೆಗೆ, "ನಿನ್ನ ನೆರಳು ಬೀಳದ ಎರಡ ದಿನದಾಗ ಕೂಸು ಕಣ್ಣು ಬಿಟ್ಟೈತಿ. ಹೆತ್ತಾಕಿ ಅಂತ ಹ್ಯಾಂಗ ಅನ್ಲವಾ ನಿನಗ?" ಎಂದಳು. ಅನ್ನಪೂರ್ಣಾ ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ಅದನ್ನು ಕೇಳಿದ ದಾಕ್ಷಾಯಣಿ ಅತ್ತ ನೋಡದೆ ಒಳಗೆ ನಡೆದಳು. ತಾನು ಹಿಡಿದ ದಾರಿ ಸರಿ ಅನ್ನುವ ಬಿಗಿ ಬಿಡಲಿಲ್ಲ.

ಮೂರನೇ ದಿನ, ಆ ಹಳದಿ ಪಟ್ಟಿಯನ್ನು ಆಫೀಸಿಗೆ ಕೊಟ್ಟು ರದ್ದು ಮಾಡಿಸಬೇಕೆಂದು ಡ್ರಾವರಿನಿಂದ ತೆಗೆದು ಏಪ್ರನ್ನಿನ ಕಿಸೆಯಲ್ಲಿ ಹಾಕಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಕಿರಿಯ ನರ್ಸು ಕರೆದಳು. ಸಮರ್ಥನ ಕೈಗೆ ಹಚ್ಚಿದ್ದ ಸಲೈನ್ ಸೂಜಿ ಜರುಗಿತ್ತು. ದಾಕ್ಷಾಯಣಿ ಹೋಗಿ ಹಾಸಿಗೆಯ ಮೇಲೆ ಬಾಗಿ ಸೂಜಿ ಸರಿಮಾಡಿದಳು.

ಸುಂಯ್ ಅನ್ನುವ ಸದ್ದು ಶುರುವಾಯಿತು. ಗಾಳಿಯ ಹರಿವು ಹೆಚ್ಚಿದ ಸದ್ದು. ಅವಳು ತಲೆಯೆತ್ತಿ ನೋಡಿದಳು. ಪರದೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಯಂತ್ರ ಬಿಡುತ್ತಿರುವ ಆಕ್ಸಿಜನ್ ಶೇಕಡಾ ನಲವತ್ತು ಇದ್ದದ್ದು ಅರವತ್ತಾಯಿತು, ಎಂಬತ್ತಾಯಿತು, ತೊಂಬತ್ತಾಯಿತು. ದೊಡ್ಡ ಅಕ್ಷರದಲ್ಲಿ ಹುಡುಗನ ರಕ್ತದ ಅಂಕೆ ತೊಂಬತ್ತೊಂದರಿಂದ ಏರಿ ನೂರಕ್ಕೆ ನಿಂತಿತು. ಎಲ್ಲೂ ಅಲಾರಂ ಕೂಗಲಿಲ್ಲ. ಕೂಗುವುದೂ ಇಲ್ಲ. ಅಂಕೆ ಇಳಿದರೆ ಊರೆಲ್ಲ ಕೇಳುವಂತೆ ಕೂಗುವ ಯಂತ್ರಕ್ಕೆ, ಏರಿದರೆ ಕೂಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಅಲ್ಲಾ, ಕಫ ಎಳದಿಲ್ಲ, ಮಗ್ಗಲಾ ತಿರುವಿಲ್ಲ, ಇದಕ್ಕೇನು ಬಂತು?"

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಸ್ವಲ್ಪ ಹೊತ್ತಿಗೆ ಸದ್ದು ತಗ್ಗಿತು. ಮುಂದೆ ಹೋದಳು, ಮತ್ತೆ ಸುಂಯ್. ಕೈ ಹಾಗೇ ಕಿಸೆಗೆ ಹೋಯಿತು. ಬೆರಳಿಗೆ ಪಟ್ಟಿ ತಗುಲಿತು.

ಅವಳು ಅದನ್ನು ಕಿರಿಯ ನರ್ಸಿನ ಕೈಗೆ ಕೊಟ್ಟು, "ಬಾಗಿಲದ ಹೊರಗ ಒಯ್ದು ಹಿಡಕೊಂಡು ನಿಂದರು" ಎಂದಳು. ಆಮೇಲೆ ಬರಿಗೈಯಲ್ಲಿ ಹಾಸಿಗೆಯ ಮೇಲೆ ಬಾಗಿದಳು. ಯಂತ್ರ ಮಿಸುಕಲಿಲ್ಲ.

ಸಾರಥಿಯನ್ನು ತಯಾರಿಸಿದ ಕಂಪನಿಯ ಎಂಜಿನಿಯರ್ ವಾದಿರಾಜ ಗಲಗಲಿ ಕೂರುವ ನಿಯಂತ್ರಣ ಕೋಣೆ ನೆಲಮಾಳಿಗೆಯಲ್ಲಿತ್ತು. ದಾಕ್ಷಾಯಣಿ ಮೆಟ್ಟಿಲಿಳಿಯುವಾಗಲೇ ಅವನ ಮೇಲೆ ಬೆಂಕಿಯಾಗಿದ್ದಳು. ಇವರೇ ಏನೋ ಕಿತಾಪತಿ ಮಾಡಿದ್ದಾರೆ, ಮಕ್ಕಳ ಮೇಲೆ ಗೊತ್ತಿಲ್ಲದಂತೆ ಪರೀಕ್ಷೆ ನಡೆಸಿದ್ದಾರೆ ಎಂದೇ ಅವಳ ಲೆಕ್ಕ.

"ಏನ್ ಆಟ ಹಚ್ಚೀರಿ ನೀವು? ಹಳದಿ ಪಟ್ಟಿ ಹಂತೇಕ ಬಂದ್ರ ಆಕ್ಸಿಜನ್ ಏರಸು ಅಂತ ಯಾರು ಹೇಳಿದ್ರು ಅದಕ್ಕ?"

ವಾದಿರಾಜ ಗಾಬರಿಯಾಗಿ ಕಂಪ್ಯೂಟರಿನಲ್ಲಿ ಹುಡುಕಿದ. ಹತ್ತು ನಿಮಿಷ ಆಯಿತು. ಅವನ ಮುಖದ ಗಾಬರಿ ಹೋಗಿ ಮುಜುಗರ ಬಂತು.

"ನಾವು ಹೇಳಿಲ್ಲರೀ ಬಾಯಾರ. ಅದು ಕಲ್ತದ."

"ಯಾರಿಂದ?"

"ನಿಮ್ಮಿಂದ."

ಅವನು ಪರದೆ ತಿರುಗಿಸಿದ. ಕಲಿಕೆಯ ಆ ಆರು ತಿಂಗಳ ಗೆರೆಗಳು, ಜೊತೆಗೆ ಪಟ್ಟಿಗಳ ಚಿಪ್ಪಿನಿಂದ ಸಾರಥಿಗೆ ಬಂದ ಮಾಹಿತಿ. ದಿನಾ ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗುಂಡಿ ಏರಿದೆ, ಹಳದಿ ಪಟ್ಟಿಗಳು ಒಳಗೆ ಬಂದು ಹೊರಗೆ ಹೋಗುವವರೆಗೂ ಏರಿಯೇ ಇದೆ. ಒಂದು ದಿನವೂ ತಪ್ಪಿಲ್ಲ. ಎಲ್ಲದರ ಪಕ್ಕದಲ್ಲಿ ಒಂದೇ ಹೆಸರು, ಡಿ. ಹೂಗಾರ.

ದಾಕ್ಷಾಯಣಿ ಹತ್ತಿರದ ಕುರ್ಚಿ ಹಿಡಿದು ಕೂತಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭೇಟಿಯ ಹೊತ್ತಿಗೆ ಮುಂಚೆ ಮಕ್ಕಳ ಮುಖ ಒರೆಸಿ, ತಲೆ ಬಾಚಿ, ಚೂರು ಪೌಡರ್ ಹಚ್ಚುವುದು ಅವಳ ಪದ್ಧತಿ. ಅದರ ಜೊತೆಗೆ ಗುಂಡಿಯನ್ನೂ ಒಂದಿಷ್ಟು ತಿರುವುತ್ತಿದ್ದಳು. ಹೆತ್ತವರು ಬಂದವರೇ ಮಗುವಿಗಿಂತ ಮೊದಲು ಪರದೆ ನೋಡುತ್ತಾರೆ. ತೊಂಬತ್ತು ಕಂಡರೆ, "ಅಯ್ಯೋ, ನೂರಕ್ಕ ಹತ್ತು ಕಡಿಮಿ ಐತೇನ್ರಿ?" ಎಂದು ಅಳಲು ಶುರುಮಾಡುತ್ತಾರೆ. ಸಾಲೆಯ ಮಾರ್ಕು ಎಂದೇ ತಿಳಿದಿರುತ್ತಾರೆ ಪಾಪ. ನೂರು ಕಂಡರೆ ನಗುತ್ತಾರೆ. ಒಂದು ತಾಸಿನ ಸಮಾಧಾನ, ಮಗುವಿಗೆ ಏನಾದೀತು ಅಂದುಕೊಂಡಿದ್ದಳು. ಒಂದು ತಾಸಿನಿಂದ ಏನೂ ಆಗಿಯೂ ಇರಲಿಲ್ಲ. ಆದರೆ ಏಳು ತಾಸು ಕೂರುವ ತಾಯಿಯೊಬ್ಬಳು ಬರುತ್ತಾಳೆಂದು ಅವಳಿಗೂ ಗೊತ್ತಿರಲಿಲ್ಲ, ಸಾರಥಿಗೂ ಗೊತ್ತಿರಲಿಲ್ಲ.

"ಅಲ್ರೀ, ಡಾಕ್ಟರ್ ತೊಂಬತ್ತೆರಡು ದಾಟಬಾರದು ಅಂತ ಬರದಿದ್ರಲ್ಲ?"

"ಖರೇ ಅದ. ಆದ್ರ ಕಫ ಎಳಿಯೋ ಮುಂದ ನೀವು ಆ ಮಿತಿ ದಾಟ್ತೀರಲ್ಲ, ಅಂಥಾ ಹೊತ್ತಿನಾಗ ನರ್ಸಿನ ಕೈನ ದೊಡ್ಡದು ಅಂತ ಅದಕ್ಕ ಹೇಳೀವಿ. ಅದು ಇದನ್ನೂ ಹಂಥಾದ್ದ ಅಂತ ತಿಳಕೊಂಡದ. ರೌಂಡ್ಸ್ ಹೊತ್ತಿಗೆ ತಾಯಿ ಇರಂಗಿಲ್ಲ, ಹಿಂಗಾಗಿ ಆಗ ಡಾಕ್ಟರ್ ಕಣ್ಣಿಗೂ ಬಿದ್ದಿಲ್ಲ." ವಾದಿರಾಜ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಬಾಯಾರ, ಇದೊಂದು ಪಾಠ ಅಳಿಸಿಬಿಡ್ತೀನಿ. ಐದು ನಿಮಿಷದ ಕೆಲಸ. ಕೂಸು ಹೆಂಗಿದ್ರೂ ಸುಧಾರಿಸ್ಲಿಕ್ಕೆ ಹತ್ತದ. ನಿಮಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ."

ದಾಕ್ಷಾಯಣಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಪ್ಪತ್ತೆರಡು ವರ್ಷದ ಹೆಸರು, ಪೇಪರಿನ ಫೋಟೋ, ಎಲ್ಲ ಕಣ್ಣ ಮುಂದೆ ಬಂತು. "ಈಗ ಅಳಿಸ್ರಿ, ಮತ್ತ ಯಾವ ಕೂಸಿಗೂ ಆಗಬಾರದು. ಆದ್ರ ಆ ಗೆರಿ ಎಲ್ಲಾ ಕಾಗದದ ಮ್ಯಾಲ ಇಳಿಸಿ ಡಾಕ್ಟರಿಗೆ ಕೊಡ್ರಿ. ಉಳಿದದ್ದು ನಾ ನೋಡ್ತೀನಿ" ಎಂದು ಎದ್ದಳು. ಏನು ನೋಡುತ್ತೇನೆ ಎಂದು ಅವಳಿಗೇ ತಿಳಿದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ತಟ್ಟೆ ಮುಟ್ಟಲಿಲ್ಲ. ಗಂಡನಿಗೆ ಹೇಳುವಾಗ ಅಳು ತಡೆಯಲಾಗಲಿಲ್ಲ.

"ಡಾಕ್ಟರಿಗೆ ಕಾಗದ ಹೋತಲ್ಲ, ಮುಗೀತಲ್ಲ? ಆ ಹುಡಗಿಗೆ ಯಂತ್ರ ಕೆಟ್ಟಿತ್ತು ಅಂದ್ರ ಸಾಲದೇನ್ರಿ?"

ಶಿವಪುತ್ರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಆಕಿ ಮ್ಯಾಲ ಅಪವಾದ ಹೊರಿಸಿದ್ದು ಯಂತ್ರ ಏನು?"

ಅವಳು ಊಟ ಬಿಟ್ಟು ಎದ್ದಳು. ಆಸ್ಪತ್ರೆ ಸೇರಿದಾಗ ಮೂರೂವರೆ. ಡಾಕ್ಟರ್ ನದಾಫ್ ಆ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. "ಮಧ್ಯಾಹ್ನ ಹಾದುಹೋಗುವಾಗ ನೂರು ಕಂಡಾಗೆಲ್ಲ ನಾನೂ ಸಮಾಧಾನಪಟ್ಟೀನಿ ಸಿಸ್ಟರ್. ಯಾಕ ನೂರು ಅಂತ ಒಮ್ಮಿನೂ ಕೇಳಿಲ್ಲ. ವರದಿಯೊಳಗ ನನ್ನ ಹೆಸರೂ ಬರೀತೀನಿ" ಎಂದು ಹೇಳಿ, "ಆ ತಾಯಿನ್ನ ಒಳಗ ಕರೀರಿ" ಎಂದರು.

ಹೊರಗಿನ ಕಟ್ಟೆಯ ಮೇಲೆ ಅನ್ನಪೂರ್ಣಾ ಚೀಲ ಕಟ್ಟಿಕೊಂಡು ನಿಂತಿದ್ದಳು. ಅವಳ ಗಂಡ ಟಂಟಂ ಆಟೋ ತರಲು ಹೋಗಿದ್ದ.

"ಎಲ್ಲಿಗವ್ವಾ?"

"ತವರಿಗಿ ರೀ ಅಕ್ಕಾರ. ನಾ ದೂರ ಇದ್ರ ಅವ ಉಳೀತಾನಂತ. ಉಳೀಲಿ. ಕೇಳಿದ್ರ ಅವ್ವ ಹೊಲಕ್ಕ ಹೋಗ್ಯಾಳ ಅಂತ ಹೇಳ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಂಬಿಬಿಟ್ಟಿದ್ದಳು. ದಾಕ್ಷಾಯಣಿ ಅನುಮಾನಪಟ್ಟದ್ದನ್ನು ಈ ಹುಡುಗಿ ತಾನೇ ತನ್ನ ಮೇಲೆ ಹೊತ್ತುಕೊಂಡು ಮಗನನ್ನು ಬಿಟ್ಟು ಹೊರಟಿದ್ದಳು. ಒಳಗೆ ಕರೆದು ಮೆಲ್ಲಗೆ ಹೇಳೋಣ ಎಂದು ಬಂದವಳು ಸುತ್ತ ನೋಡಿದಳು. ಬಸಲಿಂಗವ್ವ ಇದ್ದಳು, ಬುತ್ತಿ ಹಿಡಿದ ಬೇರೆ ಊರಿನವರಿದ್ದರು, ಮೊನ್ನೆ ಅವಳ ಅಪಮಾನ ನೋಡಿದವರೆಲ್ಲ ಇದ್ದರು.

"ಎಲ್ಲಾರೂ ಕೇಳ್ರಿಲ್ಲೆ" ಎಂದಳು ದಾಕ್ಷಾಯಣಿ. "ಈ ಕೂಸಿನ ಪುಪ್ಪುಸ ಕೆಟ್ಟಿದ್ದು ಇಕಿ ಕೈಯಿಂದ ಅಲ್ಲ, ವಿಭೂತಿಯಿಂದನೂ ಅಲ್ಲ. ನನ್ನ ಕೈಯಿಂದ. ಬಂದವರಿಗೆ ನೂರು ಕಾಣಲಿ ಅಂತ ನಾ ಗಾಳಿ ಹೆಚ್ಚು ಬಿಡ್ತಿದ್ದೆ. ಅದನ್ನ ನೋಡಿ ಯಂತ್ರ ಕಲೀತು. ತಾಯಿ ಎಷ್ಟು ಹೊತ್ತು ಕುಂತಳೋ ಅಷ್ಟು ಹೊತ್ತು ಅದು ಗಾಳಿ ಹೆಚ್ಚು ಬಿಟ್ಟೈತಿ. ಹೆಚ್ಚಾದ ಗಾಳಿನ ಕೂಸಿನ ಪುಪ್ಪುಸ ಸುಟ್ಟೈತಿ. ಬಸಲಿಂಗವ್ವಾರ, ನಿಮ್ಮ ಸೊಸೀದು ಏನೂ ತಪ್ಪಿಲ್ಲ."

ಬಸಲಿಂಗವ್ವ ಸೆರಗು ಬಾಯಿಗೆ ಹಿಡಿದಳು. ಯಾರೋ ಒಬ್ಬರು ಹಿಂದಿನಿಂದ, "ನೋಡ್ರಪಾ, ತಾವ ಮಾಡಿ ಆ ಹುಡಗಿ ಮ್ಯಾಲ ಹಾಕಿದ್ರು" ಎಂದರು. ದಾಕ್ಷಾಯಣಿ ತಲೆತಗ್ಗಿಸಿ ಕೇಳಿಸಿಕೊಂಡಳು.

ಅನ್ನಪೂರ್ಣಾ ಚೀಲ ಹಿಡಿದೇ ಒಂದು ಹೆಜ್ಜೆ ಮುಂದೆ ಬಂದಳು.

"ಅಂದ್ರ, ಅವ ಉಳೀತಾನ? ನಾ ಹಂತೇಕ ಹೋದ್ರೂ?"

"ಉಳೀತಾನವ್ವಾ. ಪುಪ್ಪುಸದಾಗ ಒಂದಿಷ್ಟು ಗಾಯದ ಕಲಿ ಉಳೀಬಹುದು, ಓಡಿದ್ರ ದಮ್ಮು ಬರಬಹುದು ಅಂತಾರ ಡಾಕ್ಟರು. ಆದ್ರ ಉಳೀತಾನ. ನೀ ಅವನ ಹಂತೇಕ ಹೋಗಬೇಕು."

ಅನ್ನಪೂರ್ಣಾ ಚೀಲವನ್ನು ಅಲ್ಲೇ ಕೈಬಿಟ್ಟಳು. ಹಳದಿ ಪಟ್ಟಿ ಮತ್ತೆ ಕಟ್ಟಿಸಿಕೊಂಡು ಒಳಗೆ ಹೋಗಿ, ಮೊಣಕೈವರೆಗೆ ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡು, ಹಾಸಿಗೆಗೆ ಇನ್ನೂ ಮೂರು ಮಾರು ಇರುವಾಗ ನಿಂತುಬಿಟ್ಟಳು. ಪರದೆಯ ಮೇಲೆ ತೊಂಬತ್ತೊಂದು ಇತ್ತು. ಒಂದೊಂದೇ ಹೆಜ್ಜೆ ಇಟ್ಟು, ಪ್ರತಿ ಹೆಜ್ಜೆಗೂ ಅಂಕೆ ನೋಡುತ್ತ ಹತ್ತಿರ ಹೋದಳು. ಅಂಕೆ ಕದಲಲಿಲ್ಲ. ಆಮೇಲೆ ಮಗನ ಅಂಗೈಯಲ್ಲಿ ತನ್ನ ಬೆರಳಿಟ್ಟಳು. ಮಂಪರಿನಲ್ಲಿದ್ದ ಹುಡುಗ ಅದನ್ನು ಮೆಲ್ಲಗೆ ಹಿಡಿದುಕೊಂಡ. ಆಗ ಅವಳಿಗೆ ಅಳು ಬಂತು.

ದಾಕ್ಷಾಯಣಿ ಹೊದಿಕೆ ಸರಿಮಾಡಲೆಂದು ಹತ್ತಿರ ಬಂದಳು. ಅನ್ನಪೂರ್ಣಾ ಅಳುತ್ತಲೇ ಎದ್ದು ಅವಳಿಗೂ ಹಾಸಿಗೆಗೂ ನಡುವೆ ನಿಂತಳು.

"ನೀವು ಬ್ಯಾಡ್ರಿ ಅಕ್ಕಾರ. ಬ್ಯಾರೆಯವ್ರನ್ನ ಕಳಿಸ್ರಿ."

ದಾಕ್ಷಾಯಣಿ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡಳು. ಕಿರಿಯ ನರ್ಸಿಗೆ ಕೈಸನ್ನೆ ಮಾಡಿ ಕರೆದು, ತಾನು ಗಾಜಿನ ಬಾಗಿಲು ಎಳೆದುಕೊಂಡು ಹೊರಗೆ ಹೋಗಿ ನಿಂತಳು.